ಕೊರಳಲ್ಲಿ ಟೇಪಿದ್ದವರೆಲ್ಲ ನಮ್ಮವರಲ್ಲ

ಕತ್ತರಿಯಕ್ಕನ ಹೊಲಿಗೆ ಶೆಡ್ಡಿಗೆ ಎರಡು ಬಾಗಿಲು. ಮುಂದಿನದು ಗಾಳಿ ಬರಲೆಂದು ತೆರೆದಿರುತ್ತಿತ್ತು. ಹಿಂದಿನದು ಮುಚ್ಚಲು ಯಾರಿಗೂ ನೆನಪಾಗದೆ ತೆರೆದಿರುತ್ತಿತ್ತು. ಒಳಗೆ ಹನ್ನೊಂದು ಮೆಷಿನ್ನು, ಹನ್ನೊಂದು ಜನ ಹೆಂಗಸರು, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಒಂದು ಉದ್ದ ಮೇಜು. ಆ ಗೋಡೆಯ ಮೊಳೆಗಳಲ್ಲಿ ರಟ್ಟಿನ ಅಚ್ಚುಗಳು ನೇತಾಡುತ್ತಿದ್ದವು. ಅಲ್ಲಿ ಹೊಲಿಯುವ ಚೀಲದ ಒಂದೊಂದು ಭಾಗಕ್ಕೂ ಒಂದೊಂದು ರಟ್ಟು. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಓಡಿಸಿದರೆ ಆಯಿತು. ಜೊತೆಗೆ ಶೆಡ್ಡು ನಡೆಸುವ ಓರಗಿತ್ತಿಯ ಕಣ್ಣು ಸ್ವಲ್ಪ ಮಂದ ಎಂದು ಕತ್ತರಿಯಕ್ಕ ಪ್ರತಿ ರಟ್ಟಿನ ಮೇಲೂ ಅಳತೆಗಳನ್ನು ದಪ್ಪ ಅಂಕಿಯಲ್ಲಿ ಬರೆದಿದ್ದಳು. ಬೀದಿಯಲ್ಲಿ ಹೋಗುವವರೂ ಓದಿಕೊಳ್ಳಬಹುದಿತ್ತು. ಅಷ್ಟು ಪಾರದರ್ಶಕ ಆಡಳಿತ ಯಾವ ಕಚೇರಿಯಲ್ಲೂ ಇರಲಿಕ್ಕಿಲ್ಲ.

ಆ ಶೆಡ್ಡಿನೊಳಗೆ ಬರಲು ಪಾಸು ಒಂದೇ. ಕೊರಳಲ್ಲಿ ಅಳತೆಯ ಟೇಪು. ಟೇಪು ಇದ್ದವರು ನಮ್ಮ ಕಸುಬಿನವರು, ನಮ್ಮ ಕಸುಬಿನವರು ನಮ್ಮವರು. ಮೂವತ್ತು ವರ್ಷದಿಂದ ಕತ್ತರಿಯಕ್ಕನ ಭದ್ರತಾ ವ್ಯವಸ್ಥೆ ಇಷ್ಟೇ.

ಈಗ ಶೆಡ್ಡಿಗೆ ಒಂದು ದೊಡ್ಡ ಭಾಗ್ಯ ಬಂದಿತ್ತು. ಹಿಂದಿನ ವರ್ಷ ಓರಗಿತ್ತಿಯ ಆಪರೇಷನ್ನಿಗೆಂದು ಕತ್ತರಿಯಕ್ಕ ಐದು ದಿನ ಆಸ್ಪತ್ರೆಯಲ್ಲಿ ಕೂತಿದ್ದಳು. ಅಲ್ಲಿ ನರ್ಸಮ್ಮ ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಕೈಗವಸು ಹಿಡಿದು, ಇನ್ನೊಂದು ಕೈಯಲ್ಲಿ ಜೇಬೆಲ್ಲ ತಡಕಾಡುವುದನ್ನು ನೋಡಿ ಅವಳ ಕೈ ಕಡಿಯತೊಡಗಿತ್ತು. ಮನೆಗೆ ಬಂದವಳೇ ರಟ್ಟು ಕತ್ತರಿಸಿದಳು, ತಿರುಗಿಸಿದಳು, ಮಡಿಚಿದಳು. ಹದಿನೇಳನೆಯ ಸಲಕ್ಕೆ ಸೊಂಟಕ್ಕೆ ಕಟ್ಟುವ ಒಂದು ಚೀಲ ಹುಟ್ಟಿತು. ಹೆಬ್ಬೆರಳಿನಿಂದ ಒಂದು ಮಡಿಕೆ ಎಳೆದರೆ ಸಾಕು, ನಾಲ್ಕು ಜೇಬು ಒಟ್ಟಿಗೆ ಬಾಯಿ ತೆರೆಯುತ್ತಿದ್ದವು. ಇನ್ನೊಂದು ಕೈ ರೋಗಿಯ ಮೇಲೇ ಇರಬಹುದು. ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದು ಅದನ್ನು ನೋಡಿ ಪಾರ್ಟ್‌ನರ್‌ಶಿಪ್‌ಗೆ ಮುಂದಾಯಿತು. ಚೀಲ ಇವರದು, ಮಾರಾಟ ಅವರದು. ಹನ್ನೊಂದು ಮೆಷಿನ್ನಿಗೂ ಮೂರು ವರ್ಷ ಕೆಲಸ.

ಒಪ್ಪಂದ ಒಂಬತ್ತು ಪುಟ, ಎಲ್ಲ ಇಂಗ್ಲಿಷು. ಕಂಪನಿ ಮೇಡಂ ಪುಟಪುಟವಾಗಿ ಓದಿ, "ಅರ್ಥ ಆಯ್ತಾ?" ಅಂತ ಕೇಳಿದ್ದರು. ಕತ್ತರಿಯಕ್ಕ ಪುಟಕ್ಕೊಂದು "ಯೆಸ್ ಮೇಡಂ" ಹೊಲಿದು, ಕೊನೆಗೆ ಸಹಿಯ ಗಂಟು ಹಾಕಿದ್ದಳು. ಗೊತ್ತಿಲ್ಲ ಅನ್ನಲು ನಾಚಿಕೆ. ಆ ನಾಚಿಕೆಯೂ ಒಂಬತ್ತು ಪುಟ ಉದ್ದ ಇತ್ತು.

ಪಕ್ಕದ ಮನೆಯ ಗೇಟಮ್ಮನಿಗೆ ಇದು ಗೊತ್ತಾಗಿ ಅವಳು ತಾನಾಗಿಯೇ ಪಾಠಕ್ಕೆ ಬಂದಳು. ಗೇಟಮ್ಮ ದೊಡ್ಡ ಆಫೀಸೊಂದರ ಸೆಕ್ಯೂರಿಟಿ. ಹನ್ನೆರಡು ವರ್ಷ ಗೇಟಿನಲ್ಲಿ ನಿಂತು, ಒಳಗೆ ಹೋಗುವವರ ಬಾಯಿಂದ ಹೊರಗೆ ಬಿದ್ದ ಇಂಗ್ಲಿಷನ್ನೆಲ್ಲ ಹೆಕ್ಕಿಕೊಂಡವಳು. ಅವಳಿಗೆ ಡ್ಯೂಟಿ ಎರಡನೇ ಪಾಳಿ. ಹಾಗಾಗಿ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅರ್ಧ ಗಂಟೆ, ದಿನಕ್ಕೆ ಐದು ಪದ.

ಕತ್ತರಿಯಕ್ಕನಿಗೆ ಇದೆಲ್ಲ ಗೊಣಗಾಟ.

"ಬಟ್ಟೆಗೆ ಇಂಗ್ಲಿಷ್ ಬರುತ್ತಾ? ಕತ್ತರಿಗೆ ಬರುತ್ತಾ? ಮತ್ತೆ ನನಗ್ಯಾಕೆ?"

"ಒಪ್ಪಂದಕ್ಕೆ ಬರುತ್ತಲ್ಲಕ್ಕ," ಅಂದಳು ಗೇಟಮ್ಮ. "ಸಹಿ ಹಾಕಿದ್ದು ಕತ್ತರಿ ಅಲ್ಲ, ನೀವು."

"ನೀನು ಪಾಠ ಮಾಡು, ನಾನು ಕಾಜಾ ಹಾಕ್ತೀನಿ. ಕಿವಿ ಖಾಲಿ ಇದೆ."

ಆ ಮಂಗಳವಾರ ಗೇಟಮ್ಮ ಹಲಗೆಯ ಮೇಲೆ ಮೊದಲ ಪದ ಬರೆದಳು. "ಆಥರೈಸ್ಡ್. ಅಂದ್ರೆ ಅನುಮತಿ ಇರೋರು. ಸೂಟು ಬೂಟು ಹಾಕಿದ ಮಾತ್ರಕ್ಕೆ ಆಥರೈಸ್ಡ್ ಆಗಲ್ಲ. ಯಾರು, ಎಲ್ಲಿಂದ, ಯಾರು ಕಳಿಸಿದ್ರು, ಇಷ್ಟು ಗೊತ್ತಿರಬೇಕು. ನಮ್ಮ ಗೇಟಲ್ಲಿ ಒಬ್ಬ ಪ್ರತಿ ದಿನ ನಗ್ತಾ ನಮಸ್ಕಾರ ಹೇಳಿಕೊಂಡು ಒಳಗೆ ಹೋಗ್ತಿದ್ದ. ಎಂಟು ದಿನ ಆದ್ಮೇಲೆ ಗೊತ್ತಾಯ್ತು, ಅವನು ಆಫೀಸಿನವನೇ ಅಲ್ಲ. ಕ್ಯಾಂಟೀನಲ್ಲಿ ಊಟ ಚೆನ್ನಾಗಿರುತ್ತೆ ಅಂತ ಬರ್ತಿದ್ದ."

ಎಲ್ಲರೂ ನಕ್ಕರು. ಓರಗಿತ್ತಿಯೂ ನಗುತ್ತಾ ಅಂದಳು, "ನಮ್ಮಲ್ಲಿ ಹಾಗೆಲ್ಲ ಆಗಲ್ಲಮ್ಮ. ನಿನ್ನೆ ಕಂಪನಿಯೋನು ಬಂದಾಗ ಅಕ್ಕ ಅವನ ಪಕ್ಕದಲ್ಲೇ ನಿಂತಿದ್ರು."

"ಯಾವ ಕಂಪನಿಯೋನು?" ಗೇಟಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು.

"ಅದೇ, ಕ್ವಾಲಿಟಿ ನೋಡೋಕೆ ಬಂದಿದ್ದ," ಅಂದಳು ಕತ್ತರಿಯಕ್ಕ. "ಪಾಪ, ಒಳ್ಳೆ ಮನುಷ್ಯ. ಕೊರಳಲ್ಲಿ ಟೇಪು. ಹಿಂದಿನ ಬಾಗಿಲಿಂದ ನಮ್ಮೋನ ಥರ ಬಂದ. ರಟ್ಟಿನ ಅಳತೆ ತಗೋಬೇಕು ಅಂದ. ಟೇಪಿನ ಇನ್ನೊಂದು ತುದಿ ನಾನೇ ಹಿಡ್ಕೊಂಡೆ. ಟೀ ಕೊಟ್ಟೆ. ಫೋಟೋನೂ ತಗೊಂಡ. ಬೆಳಕು ಸಾಲದು ಅಂದ, ನಾನೇ ಟ್ಯೂಬ್‌ಲೈಟ್ ಹಾಕ್ದೆ."

"ಹೆಸರು?"

"ಕೇಳ್ಲಿಲ್ಲ."

"ಗುರುತಿನ ಕಾರ್ಡು?"

"ಟೇಪು ಇತ್ತಲ್ಲ."

ಮೂಲೆಯಲ್ಲಿ ಒಂದು ಮೆಷಿನ್ನು ಎರಡು ಹೊಲಿಗೆ ಜಾಸ್ತಿ ಓಡಿ ನಿಂತಿತು. ಗೇಟಮ್ಮ ಮೆಲ್ಲಗೆ ಕೇಳಿದಳು. "ಅಕ್ಕ, ಕಂಪನಿಯವರು ತಪಾಸಣೆಗೆ ಬರೋದು ಯಾವತ್ತು?"

"ಗುರುವಾರ. ಮೇಡಂ ಒಬ್ಬರೇ ಬರ್ತೀನಿ ಅಂದಿದ್ರು."

ಹೇಳಿ ಮುಗಿಸುವಾಗ ಕತ್ತರಿಯಕ್ಕನಿಗೇ ತನ್ನ ಮಾತು ಕೇಳಿಸಿತು. ಕಾಜಾ ಹಾಕುತ್ತಿದ್ದ ಸೂಜಿ ಬೆರಳಿಗೆ ಚುಚ್ಚಿತು. ಹದಿನೇಳು ಸಲ ಕತ್ತರಿಸಿ ಕಂಡುಕೊಂಡ ಮಡಿಕೆಯನ್ನು ಅವಳು ಟ್ಯೂಬ್‌ಲೈಟ್ ಹಾಕಿ ತೋರಿಸಿ, ಟೀ ಕೊಟ್ಟು ಕಳಿಸಿದ್ದಳು.

"ಯಾರೂ ಬಾಯಿ ಬಿಡಬೇಡಿ," ಅಂದಳು. "ಎಲ್ಲರೂ ಬಾಯಿಗೆ ಒಂದೊಂದು ಹೊಲಿಗೆ ಹಾಕ್ಕೊಳ್ಳಿ. ಮೇಡಂಗೆ ಗೊತ್ತಾದ್ರೆ ಪಾರ್ಟ್‌ನರ್‌ಶಿಪ್ ಹೋಯ್ತು. ಮೂರು ವರ್ಷದ ಕೆಲಸ ಹೋಯ್ತು."

"ಒಪ್ಪಂದ ತನ್ನಿ," ಅಂದಳು ಗೇಟಮ್ಮ.

ಓರಗಿತ್ತಿ ನೂಲಿನ ಡಬ್ಬದ ಕೆಳಗಿಟ್ಟಿದ್ದ ಒಪ್ಪಂದ ತಂದಳು. ಗೇಟಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುತ್ತಾ ಹೋದಳು. ನಾಲ್ಕನೇ ಪುಟದಲ್ಲಿ ಬೆರಳು ನಿಂತಿತು.

"ಇಲ್ಲಿ ನೋಡಿ. ಕಾನ್ಫಿಡೆನ್ಶಿಯಲ್. ಅಂದ್ರೆ ಗುಟ್ಟು. ಅಚ್ಚು, ಅಳತೆ ಎಲ್ಲ ಗುಟ್ಟಾಗಿಡಬೇಕು ಅಂತ ಇದೆ."

"ಗೋಡೆ ಮೇಲೆ ನೇತು ಹಾಕಿದ್ದೀನಿ," ಅಂದಳು ಕತ್ತರಿಯಕ್ಕ, ಯಾರೋ ಬೇರೆಯವರ ತಪ್ಪು ಹೇಳಿದ ಹಾಗೆ.

"ಇದು ಬ್ರೀಚ್. ಗುಟ್ಟು ರಟ್ಟಾದ್ರೆ, ಬೇಲಿಯಲ್ಲಿ ಕಿಂಡಿ ಬಿದ್ರೆ ಅದಕ್ಕೆ ಬ್ರೀಚ್ ಅಂತಾರೆ."

"ನಮ್ಮಲ್ಲಿ ರಟ್ಟೇ ಗುಟ್ಟು, ಅದೂ ರಟ್ಟಾಯ್ತು. ಮುಂದೆ ಓದು. ನಮ್ಮನ್ನ ಓಡಿಸ್ತಾರೆ ಅಂತ ಎಲ್ಲಿದೆ?"

"ಇದೆ. ಟರ್ಮಿನೇಟ್. ಒಪ್ಪಂದ ಮುಗಿಸೋದು. ಆದ್ರೆ ಯಾವಾಗ ಅಂತ ಕೇಳಿ ಅಕ್ಕ. ಬ್ರೀಚ್ ಆದ ಎರಡು ದಿನದೊಳಗೆ ನೋಟಿಫೈ ಮಾಡದೇ ಇದ್ರೆ ಟರ್ಮಿನೇಟ್. ನೋಟಿಫೈ ಅಂದ್ರೆ ತಿಳಿಸೋದು, ಅಷ್ಟೇ. ತಪ್ಪಾಗಲೇಬಾರದು ಅಂತ ಅವರೂ ಬರೆದಿಲ್ಲ. ತಪ್ಪಾದ್ರೆ ಬೇಗ ಹೇಳಿ ಅಂತ ಬರೆದಿದ್ದಾರೆ."

ಕತ್ತರಿಯಕ್ಕ ಕಾಗದವನ್ನು ತಿರುಗಿಸಿ ನೋಡಿದಳು, ಬಟ್ಟೆಯ ಒಳಮೈ ನೋಡುವ ಹಾಗೆ. "ಇಷ್ಟೆಲ್ಲ ಇದರಲ್ಲಿ ಇತ್ತಾ? ನಾನು ಬೈಗುಳ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ."

"ಅಕ್ಕ, ಬೇಡ," ಅಂದಳು ಓರಗಿತ್ತಿ. "ಹೇಳಿ ಕೆಡೋದಕ್ಕಿಂತ ಸುಮ್ನಿರೋಣ. ಅವನು ನಿಜವಾಗ್ಲೂ ಕಂಪನಿಯವನೇ ಇರಬಹುದು."

"ಕಂಪನಿಯವನೇ ಆಗಿದ್ರೆ ಫೋನ್ ಮಾಡೋದ್ರಿಂದ ನಷ್ಟ ಏನು? ಅಲ್ಲದೇ ಇದ್ರೆ ಮಾಡದೇ ಇರೋದ್ರಿಂದ ಎಲ್ಲಾ ನಷ್ಟ," ಅಂದಳು ಗೇಟಮ್ಮ. "ನಾನು ಬೇಕಾದ್ರೆ ಮಾತಾಡ್ತೀನಿ."

ಕತ್ತರಿಯಕ್ಕ ಕೈ ಅಡ್ಡ ಹಿಡಿದಳು. "ಟೇಪಿನ ತುದಿ ಹಿಡಿದೋಳು ನಾನು. ಫೋನೂ ನಾನೇ ಹಿಡೀತೀನಿ."

ಫೋನು ರಿಂಗಾಗುವಷ್ಟು ಹೊತ್ತು ಅವಳು ಕೊರಳ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಆ ಕಡೆಯಿಂದ ದನಿ ಕೇಳಿದ್ದೇ ತಡ, ಒಂದೇ ಉಸಿರಿಗೆ ಒಪ್ಪಿಸಿದಳು. "ಮೇಡಂ, ಒನ್ ಬ್ರೀಚ್ ಆಯ್ತು. ಕಾನ್ಫಿಡೆನ್ಶಿಯಲ್ ಹೋಯ್ತು. ಮ್ಯಾನ್ ನಾಟ್ ಆಥರೈಸ್ಡ್. ನಾನು ನೋಟಿಫೈ." ಆಮೇಲೆ ಇಂಗ್ಲಿಷ್ ಖಾಲಿಯಾಗಿ ಉಳಿದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದಳು. ಟೀ ಕೊಟ್ಟದ್ದನ್ನೂ ಬಿಡಲಿಲ್ಲ.

"ನಮ್ಮಿಂದ ಯಾರೂ ಬಂದಿಲ್ಲ ಅಮ್ಮ," ಅಂದರು ಮೇಡಂ. "ಚೀಲದ ವಿನ್ಯಾಸ ನಿಮ್ಮ ಹೆಸರಲ್ಲಿ ನೋಂದಣಿ ಮಾಡಿಸೋಕೆ ಮುಂದಿನ ತಿಂಗಳು ಅಂತ ಇಟ್ಕೊಂಡಿದ್ವಿ. ಈಗ ಕಾಯೋ ಹಾಗಿಲ್ಲ. ಇವತ್ತೇ ಅರ್ಜಿ ಹಾಕಿಸ್ತೀನಿ. ನೀವು ಹೇಳದೇ ಇದ್ದಿದ್ರೆ ಆ ಮನುಷ್ಯ ನಮಗಿಂತ ಮೊದಲು ಹಾಕ್ತಿದ್ನೋ ಏನೋ. ಹೇಳಿದ್ದು ಒಳ್ಳೇದಾಯ್ತು."

"ಹಾಗಾದ್ರೆ ನಮ್ಮ ಪಾರ್ಟ್‌ನರ್‌ಶಿಪ್ಪು?"

"ಅದನ್ನ ಗುರುವಾರ ಬಂದು ನಿಮ್ಮ ಬಾಗಿಲು ನೋಡಿ ಹೇಳ್ತೀನಿ."

ಮಾರನೆಯ ದಿನ ಶೆಡ್ಡಿನಲ್ಲಿ ಬರೀ ಬಾಗಿಲಿನ ಕೆಲಸ. ಹಿಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ರಟ್ಟುಗಳು ಮೊಳೆಯಿಂದಿಳಿದು ಬೀಗದ ಕಪಾಟು ಸೇರಿದವು. ಬೀಗದ ಕೈ ಎರಡು, ಒಂದು ಕತ್ತರಿಯಕ್ಕನಿಗೆ, ಒಂದು ಓರಗಿತ್ತಿಗೆ. ಬಟ್ಟೆಯ ಚೂರುಗಳಿಗೆ ಫೋಟೋ ಅಂಟಿಸಿ, ಪ್ಲಾಸ್ಟಿಕ್ ಹೊದಿಸಿ, ಹನ್ನೊಂದು ಜನಕ್ಕೂ ಯಜಮಾನಿಯರಿಬ್ಬರಿಗೂ ಗುರುತಿನ ಬಿಲ್ಲೆ ಹೊಲಿದರು. ಮುಂದಿನ ಬಾಗಿಲ ಬಳಿ ಒಂದು ಸ್ಟೂಲು, ಸ್ಟೂಲಿನ ಮೇಲೆ ವಿಸಿಟರ್ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಬಂದವರ ಹೆಸರು, ಊರು, ಯಾರನ್ನು ನೋಡಬೇಕು, ಯಾಕೆ, ಬಂದ ಹೊತ್ತು, ಹೋದ ಹೊತ್ತು.

"ಬಿಲ್ಲೆ ಇಲ್ಲದೋರು ಯಾರೇ ಬರಲಿ, ಬರೆದೇ ಒಳಗೆ," ಕತ್ತರಿಯಕ್ಕ ಅಪ್ಪಣೆ ಕೊಡಿಸಿದಳು. "ನನ್ನ ಗಂಡನೇ ಬರಲಿ, ಕಂಪನಿ ಮೇಡಮ್ಮೇ ಬರಲಿ, ದಾಕ್ಷಿಣ್ಯ ನೋಡ್ಬೇಡಿ."

ಗುರುವಾರ ಬೆಳಿಗ್ಗೆ ಬಾಗಿಲ ಕೆಲಸ ಓರಗಿತ್ತಿಯ ಪಾಲಿಗೆ ಬಂದಿತ್ತು. ಕತ್ತರಿಯಕ್ಕ ಒಳ್ಳೆಯ ಸೀರೆ ಉಟ್ಟು, ಹೊಸ ಟೇಪು ಕೊರಳಿಗೆ ಹಾಕಿಕೊಂಡು ಓಡೋಡಿ ಬಂದಳು. ಮೇಡಮ್ಮೂ ಅದೇ ಹೊತ್ತಿಗೆ ಕಾರಿನಿಂದಿಳಿದು ಅವಳ ಹಿಂದೆಯೇ ಬಂದರು. ಕತ್ತರಿಯಕ್ಕ ಹೊಸ್ತಿಲಿಗೆ ಕಾಲಿಟ್ಟಳು. ಓರಗಿತ್ತಿ ಕೈ ಅಡ್ಡ ಹಾಕಿದಳು.

"ಅಕ್ಕ, ಬಿಲ್ಲೆ?"

ಕತ್ತರಿಯಕ್ಕ ಎದೆ ಮುಟ್ಟಿ ನೋಡಿಕೊಂಡಳು. ಟೇಪು ಇತ್ತು. ಬಿಲ್ಲೆ ನಿನ್ನೆಯ ಸೀರೆಯ ಮೇಲೆ, ಮನೆಯ ಹಗ್ಗದಲ್ಲಿ ಒಣಗುತ್ತಿತ್ತು.

"ಮರೆತೆ ಕಣೆ. ಸರಿ, ಬಿಡು ಈಗ. ಹಿಂದೆ ಮೇಡಂ ನಿಂತಿದ್ದಾರೆ," ಅಂದಳು ಹಲ್ಲು ಕಚ್ಚಿಕೊಂಡು.

ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಓರಗಿತ್ತಿ ಅಕ್ಕನ ಮಾತಿಗೆ ಎದುರಾಡಿದ್ದಿಲ್ಲ. ಆದರೂ ಕೈ ಇಳಿಸಲಿಲ್ಲ. "ದಾಕ್ಷಿಣ್ಯ ನೋಡ್ಬೇಡಿ ಅಂದೋರು ನೀವೇ ಅಕ್ಕ. ಬರೀರಿ."

ಕತ್ತರಿಯಕ್ಕ ಕೆಂಪಾದಳು, ಹಿಂದೆ ತಿರುಗಿ ಮೇಡಮ್ಮನ್ನು ನೋಡಿದಳು, ಸ್ಟೂಲಿಗೆ ಬಗ್ಗಿ ಪೆನ್ನು ಹಿಡಿದಳು. ಹೆಸರು ಬರೆದಳು, ಊರು ಬರೆದಳು. ಯಾರನ್ನು ನೋಡಬೇಕು ಎನ್ನುವಲ್ಲಿ ಪೆನ್ನು ನಿಂತಿತು.

"ಇಲ್ಲಿ ಏನೇ ಬರೀಲಿ?"

"ಯಜಮಾನೀನ ಅಂತ ಬರೀರಿ."

"ಯಜಮಾನಿ ಒಳಗಿದ್ದಾಳಾ?"

"ಇಲ್ಲ. ಬಿಲ್ಲೆ ಮರೆತು ಹೊರಗೆ ನಿಂತಿದ್ದಾಳೆ."

ಒಳಗಿದ್ದ ಹನ್ನೊಂದು ಮೆಷಿನ್ನೂ ಒಟ್ಟಿಗೆ ನಿಂತವು. ಮೊದಲು ನಕ್ಕದ್ದು ಮೇಡಂ. ಆಮೇಲೆ ಕತ್ತರಿಯಕ್ಕ, ಕಣ್ಣಲ್ಲಿ ನೀರು ಬರುವ ತನಕ. ಯಾಕೆ ಎನ್ನುವಲ್ಲಿ "ಕತ್ತರಿಸಲು" ಎಂದು ಬರೆದು ಅವಳು ಒಳಗೆ ಹೋದಳು.

ಮೇಡಂ ಯಾರೂ ಹೇಳುವ ಮೊದಲೇ ಪೆನ್ನು ತೆಗೆದುಕೊಂಡು ತಮ್ಮ ಹೆಸರು ಬರೆದರು, ಕಾರ್ಡು ತೋರಿಸಿದರು. "ನಾನು ಬೀಗ ನೋಡೋಣ, ಕಪಾಟು ನೋಡೋಣ ಅಂತ ಬಂದೆ," ಅಂದರು ಓರಗಿತ್ತಿಗೆ. "ಬೀಗ ಎಲ್ಲಾ ಕಡೆ ಸಿಗುತ್ತೆ. ಯಜಮಾನೀನೇ ತಡೆಯೋ ಬಾಗಿಲು ಸಿಗಲ್ಲ. ನಿಮ್ಮ ಅರ್ಜಿ ಮೊನ್ನೆಯೇ ನೋಂದಣಿ ಕಚೇರಿಗೆ ಸೇರಿದೆ. ರಸೀದಿ ತಂದಿದ್ದೀನಿ. ಸೋಮವಾರದಿಂದ ಮೊದಲ ಆರ್ಡರ್ ಶುರು ಮಾಡಿ."

ಆ ಟೇಪಿನವನು ಮತ್ತೆ ಬಂದಿಲ್ಲ. ಬಂದರೆ ಟೀ ಈಗಲೂ ಉಂಟು, ಪುಸ್ತಕದಲ್ಲಿ ಬರೆದ ಮೇಲೆ. ಮಂಗಳವಾರ, ಶುಕ್ರವಾರದ ಪಾಠದಲ್ಲಿ ಈಗ ಮೊದಲ ಸಾಲು ಕತ್ತರಿಯಕ್ಕನದೇ. ಕಾಜಾ ಹಾಕುವುದಿಲ್ಲ, ಬರೆದುಕೊಳ್ಳುತ್ತಾಳೆ. ಗೇಟಮ್ಮ ಐದು ಪದ ಹೇಳಿದರೆ, "ಇನ್ನೊಂದು ಹಾಕು, ಬಟ್ಟೆ ಮಿಕ್ಕಿದೆ," ಅನ್ನುತ್ತಾಳೆ.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮದು ಹೊಲಿಗೆಯ ಶೆಡ್ಡಿರಬಹುದು, ಬೇಕರಿ ಇರಬಹುದು, ನಾಲ್ಕು ಕುರ್ಚಿಯ ಆಫೀಸಿರಬಹುದು. ಇವತ್ತು ಕೆಲಸಕ್ಕೆ ಹೋದಾಗ ಹಿಂದಿನ ಬಾಗಿಲು ಒಮ್ಮೆ ನೋಡಿ. ಹೊಸಬರು ಬಂದರೆ ನಗುತ್ತಲೇ ಹೆಸರು ಕೇಳಿ, ಕಳಿಸಿದವರಿಗೆ ಫೋನು ಮಾಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಯಾರಾದರೂ ಪಾಲುದಾರಿಕೆಯ ಕಾಗದ ಮುಂದಿಟ್ಟರೆ, ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟು "ಇದು ಏನು?" ಅಂತ ಕೇಳಿ. ಹತ್ತು ಸಲ ಕೇಳಿ. ಅರ್ಥವಾದ ಮೇಲೆಯೇ ಸಹಿ. ಕೈತಪ್ಪಿ ಏನಾದರೂ ಆಗಿಹೋದರೆ, ಬಾಯಿಗೆ ಹೊಲಿಗೆ ಹಾಕಿಕೊಳ್ಳಬೇಡಿ. ಅವತ್ತೇ ಫೋನು ತೆಗೆಯಿರಿ, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿ, ಮಿಕ್ಕಿದ್ದು ಕನ್ನಡದಲ್ಲಿ ಹೇಳಿ.

ಮನೆ ಬಿಡುವ ಮುಂಚೆ ಬಿಲ್ಲೆ ಇದೆಯಾ ನೋಡಿಕೊಳ್ಳಿ. ಬಾಗಿಲಲ್ಲಿ ನಿಮ್ಮ ಓರಗಿತ್ತಿ ಕೂತಿರಬಹುದು.