ಒಲೆ ಉರಿಸುವ ಬಾಡಿಗೆದಾರ

ಮನೆ ಬಾಡಿಗೆಗೆ ಕೊಟ್ಟವರು ತಿಂಗಳಾದರೆ ದುಡ್ಡು ಕೇಳುವುದು ಲೋಕದ ಪದ್ಧತಿ. ಆಲ್ದೂರಿನ ಬಸ್ಸು ರಸ್ತೆಯ ಹೆಂಚಿನ ಮನೆಯಲ್ಲಿದ್ದ ತಮ್ಮಯ್ಯನಿಗೆ ಮಾತ್ರ ಮನೆಯ ಒಡತಿಯೇ ತಿಂಗಳಿಗೊಂದು ಕೊಳಗ ಅಕ್ಕಿ ಕೊಡುತ್ತಿದ್ದರು. ಒಡತಿ ಬಾಳೂರಿನ ತೋಟದ ವಿಮಲಮ್ಮನವರು, ತಲೆ ಕೆಟ್ಟವರೇನಲ್ಲ. 1931ರಲ್ಲಿ ಕಾಫಿ ರೇಟು ನೆಲ ಕಚ್ಚಿದಾಗ ಆಲ್ದೂರಿನ ಅಂಗಡಿಯವರು ಒಬ್ಬೊಬ್ಬರಾಗಿ ಬೀಗ ಹಾಕಿಕೊಂಡು ಘಟ್ಟ ಇಳಿದಿದ್ದರು. ರಸ್ತೆಯುದ್ದಕ್ಕೂ ಮನೆಗಳು ಖಾಲಿ, ಕೇಳುವವರಿಲ್ಲ. ನಮ್ಮ ಕಡೆ ಒಲೆಯ ಹೊಗೆ ಕಾಣದ ಮನೆ ನಾಲ್ಕು ಮಳೆಗಾಲ ತಾಳುವುದಿಲ್ಲ. ತೊಲೆಗೆ ಗೆದ್ದಲು, ಗೋಡೆಗೆ ಬೂಷ್ಟು. ವಿಮಲಮ್ಮನವರು ತಮ್ಮ ತೋಟದಲ್ಲೇ ಮೇಸ್ತ್ರಿ ಕೆಲಸ ಕಳೆದುಕೊಂಡಿದ್ದ ತಮ್ಮಯ್ಯನನ್ನು ಕರೆಸಿ, "ದಿನಾ ಒಲೆ ಉರಿಸ್ಕಂಡು ಅಲ್ಲಿ ಬಿದ್ದಿರು ಮಾರಾಯ, ಅಕ್ಕಿ ನಾನು ಕೊಡ್ತೀನಿ" ಅಂದರು.

ತಮ್ಮಯ್ಯ ಆ ಕೆಲಸವನ್ನು ಮೇಸ್ತ್ರಿಗಿರಿಯಷ್ಟೇ ನಿಯತ್ತಿನಿಂದ ಮಾಡಿದ. ಅಡುಗೆ ಇರಲಿ ಬಿಡಲಿ, ಮೂರು ಹೊತ್ತೂ ಹೊಗೆ. ಹೆಂಡತಿ ಗಿಡ್ಡಮ್ಮ ಐದು ವರ್ಷ ಕೆಮ್ಮಿದಳು. ತೊಲೆಗಳು ಕರ್ರಗೆ ಮಿಂಚಿದವು.

ಆಮೇಲೆ ಕಾಲ ಸುಧಾರಿಸತೊಡಗಿತು, ಅದೂ ಕುಂಟುತ್ತ ತೆವಳುತ್ತ. ಕಾಫಿ ರೇಟು ಚೂರು ಏರಿದ ವರ್ಷ ಅಕ್ಕಿ ಅರ್ಧ ಕೊಳಗಕ್ಕಿಳಿಯಿತು. ಮತ್ತೆ ಚೂರು ಏರಿತು, ಕಾಲು ಕೊಳಗವಾಯಿತು. ಪಕ್ಕದ ಮನೆಗೆ ಬಾಡಿಗೆ ಕೊಡುವ ಜನ ಬಂದ ತಿಂಗಳು ಅಕ್ಕಿ ನಿಂತೇಹೋಯಿತು. ಒಳ್ಳೇ ಕಾಲ ಬಂತೆಂದು ಊರೆಲ್ಲ ಹಲ್ಲು ಕಿರಿಯುತ್ತಿದ್ದಾಗ, ಆ ಸುದ್ದಿಗೆ ಹೆದರುತ್ತಿದ್ದವನು ತಮ್ಮಯ್ಯನೊಬ್ಬನೇ.

1936ರ ಮಳೆಗಾಲ ಮುಗಿಯುವಾಗ, ಚಿಕ್ಕಮಗಳೂರಿನ ಕಾಫಿ ಸಾಹುಕಾರ ಸಿದ್ದಬಸಪ್ಪನವರು ಆ ಮನೆ ಕೊಳ್ಳಲು ಬರುತ್ತಾರೆಂದು ಗೊತ್ತಾಯಿತು. ತಮ್ಮಯ್ಯನ ಮಗಳು ನಂಜಮ್ಮ ಚೊಚ್ಚಲ ಹೆರಿಗೆಗೆ ದೀಪಾವಳಿಯ ಹೊತ್ತಿಗೆ ತವರಿಗೆ ಬರುವವಳಿದ್ದಳು. ಬಾಣಂತನ ಮುಗಿಯುವ ತನಕವಾದರೂ ಈ ಸೂರು ಉಳಿಯಬೇಕು, ಅವನಿಗೆ ಬೇಕಾದ್ದು ಅಷ್ಟೇ.

"ನೀವು ಎಂತದೂ ಮಾತಾಡ್ಬೇಡಿ. ಅವ್ರು ಮನೆ ಸರಿಯಿಲ್ಲ ಅಂದ್ರೆ ಹೌದು ಅನ್ನಿ, ಯಾಪಾರ ಮುರಿದ್ರೆ ಸಾಕು" ಎಂದು ಗಿಡ್ಡಮ್ಮ ಮೂರು ಸಲ ಹೇಳಿದಳು.

ಸಾಹುಕಾರರು ವಿಮಲಮ್ಮನವರ ಜೊತೆ ಬಂದರು. ಕೊಳ್ಳುವವರ ಪದ್ಧತಿಯಂತೆ ಮೊದಲು ಮೂಗು ಮುರಿದರು.

"ಮಾಡು ಸೋರ್ತದೆ."

"ಹೌದು" ಅಂದ ತಮ್ಮಯ್ಯ. ಸೋರುತ್ತಿರಲಿಲ್ಲ.

"ಗೋಡೆಗೆ ತೇವ ಹತ್ತಿದೆ."

"ಹೌದು."

"ತೊಲೆ ಪೂರಾ ಗೆದ್ದಲು ತಿಂದಿದೆ. ಐನೂರರ ಮೇಲೆ ಒಂದು ಕಾಸೂ ಇಲ್ಲ ಅಮ್ಮಾ."

ತಮ್ಮಯ್ಯನ ನಾಲಗೆ ಅಲ್ಲಿ ಹೌದು ಅನ್ನಲಿಲ್ಲ. ಅವನ ಐದು ವರ್ಷದ ದುಡಿಮೆ ಇದ್ದದ್ದೇ ಆ ತೊಲೆಯಲ್ಲಿ. ಒಳಗಿನಿಂದ ಕತ್ತಿ ತಂದ, ಏಣಿ ಹತ್ತಿದ, ಕತ್ತಿಯ ಬೆನ್ನಿನಿಂದ ತೊಲೆಗೆ ಟಣ್ಣೆಂದು ಬಡಿದ.

"ಕೇಳಿ ಸಾವ್ಕಾರ್ರೆ! ಗೆದ್ದಲು ತಿಂದ ಮರ ಹಿಂಗೆ ಸದ್ದು ಮಾಡ್ತದಾ? ಮಾಡು ಸೋರಾದೂ ಸುಳ್ಳು, ಗೋಡೆ ತೇವಾನೂ ಸುಳ್ಳು. ಆಲ್ದೂರಲ್ಲಿ ಇಂಥ ಮನೆ ಇನ್ನೊಂದು ತೋರ್ಸಿ. ತಿಂಗಳಿಗೆ ಆರು ರೂಪಾಯಿ ಬಾಡಿಗೆ ಕಣ್ಣು ಮುಚ್ಕಂಡು ಕೊಡ್ತಾರೆ!"

ವಿಮಲಮ್ಮನವರು ಬಾಯಿ ತೆರೆಯಬೇಕಾಗಲೇ ಇಲ್ಲ. ಮನೆ ಏಳುನೂರಕ್ಕೆ ಹೋಯಿತು. ಏಣಿ ಇಳಿದ ಮೇಲೆ ತಮ್ಮಯ್ಯನಿಗೆ ಮಗಳ ನೆನಪಾಯಿತು.

"ಸಾವ್ಕಾರ್ರೆ, ಮಗಳ ಬಾಣಂತನ ಒಂದು ಮುಗಿಯಗಂಟ ನಾವು ಇಲ್ಲೇ ಇರ್ಬೌದಾ?"

"ಅದಕ್ಕೇನಂತೆ, ಇರು" ಅಂದರು ಸಾಹುಕಾರರು. ಕೆಟ್ಟ ಮನುಷ್ಯರಲ್ಲ. "ಬಾಡಿಗೆ ನೀನೇ ಹೇಳಿದೀಯಲ್ಲ. ಆರೇ ಕೊಡು, ಹೆಚ್ಚು ಬೇಡ."

ಅಕ್ಕಿ ನಿಂತ ಮೇಲೆ ತೋಟದ ಕೂಲಿಗೆ ಹೋಗುತ್ತಿದ್ದ ತಮ್ಮಯ್ಯನಿಗೆ ಸಿಗುತ್ತಿದ್ದುದು ದಿನಕ್ಕೆ ನಾಲ್ಕಾಣೆ. ರಜೆ ಕಳೆದು ತಿಂಗಳಿಡೀ ಮೈ ಮುರಿದರೆ ಅದೇ ಆರು ರೂಪಾಯಿ. ಚೌಕಾಸಿ ಮಾಡೋಣವೆಂದರೆ ಬಾಯಿ ಬರಲಿಲ್ಲ. ಈಗಷ್ಟೇ ಏಣಿಯ ಮೇಲೆ ನಿಂತು ಅಷ್ಟು ಜೋರಾಗಿ ಕೂಗಿದವನು, ಯಾವ ಮುಖ ಹೊತ್ತುಕೊಂಡು ಮೂರು ಅನ್ನುವುದು?

ಗಿಡ್ಡಮ್ಮ ಹಿಂದಿನ ಕೋಣೆಯಲ್ಲಿ ಬಾಣಂತಿಗೆಂದು ನೆಲ ಸಾರಿಸುತ್ತಿದ್ದಳು. ತಮ್ಮಯ್ಯ ಬಾಗಿಲಲ್ಲಿ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದ. ಹೇಳಿ, ಬೈಗುಳಕ್ಕೆ ಕಾದ.

ಗಿಡ್ಡಮ್ಮ ಸಗಣಿಯ ಕೈ ಹಾಗೇ ಇಟ್ಟುಕೊಂಡು ನೆಲ ನೋಡಿದಳು, ಗೋಡೆ ನೋಡಿದಳು, ಮೇಲೆ ತೊಲೆ ನೋಡಿದಳು.

"ಆರಕ್ಕೆ ಎಂತದೂ ಮೋಸ ಇಲ್ಲ" ಅಂದಳು. "ಏಳು ಕೇಳಿದ್ರೂ ಕೊಡ್ಬೌದು."

ಆಮೇಲೆ ಅರ್ಧ ಸಾರಿಸಿದ ನೆಲದ ಮೇಲೆ ಕೂತು ಅಳತೊಡಗಿದಳು.