ಜುಲೈಡೆ ತಿಕ್ಕಿದ ಹಲ್ಲು

ಮರಳು ಬಗೆಯುವ ಯಂತ್ರ ಹೊತ್ತ ದೋಣಿ ನಮ್ಮ ದಂಡೆಗೆ ಮೂತಿ ಹಚ್ಚಿ ನಿಂತಿತ್ತು. ಜುರುವಾ ನದಿಯ ಈ ತಿರುವಿನಲ್ಲಿ ನಮ್ಮ ಹನ್ನೊಂದು ಮನೆಗಳಿವೆ, ಮರಗೆಣಸಿನ ಹೊಲಗಳಿವೆ, ರಬ್ಬರ್ ಧಣಿಗಳಿಗೆ ದುಡಿದು ಸತ್ತವರ ಗೋರಿಗಳಿವೆ. ಅವು ನಮ್ಮವೆಂದು ಯಾವ ಕಾಗದವೂ ಹೇಳುವುದಿಲ್ಲ. ನಮ್ಮ ಬಳಿ ಇದ್ದದ್ದು ಒಂದು ಹಲ್ಲು. ಅದು ಇದೇ ದಂಡೆಯಲ್ಲಿ ಕಲ್ಲಾದ ಪ್ರಾಣಿಯದೆಂದು ಸರ್ಕಾರದ ಭೂವಿಜ್ಞಾನಿ ಸಹಿ ಹಾಕಿದರೆ ಯಂತ್ರ ನಿಲ್ಲಬೇಕು. ಹಾಕದಿದ್ದರೆ ಮಧ್ಯಾಹ್ನದೊಳಗೆ ದಂಡೆ ಇರುವುದಿಲ್ಲ. ಮನುಷ್ಯರ ಗೋರಿಗಿಲ್ಲದ ಬೆಲೆ ಮೃಗದ ಹಲ್ಲಿಗೆ! ಇರಲಿ, ಹಲ್ಲನ್ನೇ ಹಿಡಿದು ನಿಂತೆವು.

ಬಟ್ಟೆ ಒಗೆಯುವಾಗ ಅದು ಸಿಕ್ಕಿದ್ದು ನನ್ನ ನೆರೆಯ ಜುಲೈಡೆಗೆ. ಅವಳು ಗಂಟು ಬಿಚ್ಚಿ ಗೇಣುದ್ದದ ಆ ಹಲ್ಲನ್ನು ಭೂವಿಜ್ಞಾನಿ ಎವಾಲ್ಡುವಿನ ಕೈಗಿಟ್ಟಾಗ ನಾನೂ ಬಗ್ಗಿ ನೋಡಿದೆ. ಅದು ಫಳಫಳ ಹೊಳೆಯುತ್ತಿತ್ತು.

"ಅಮ್ಮಾ, ತೊಳೆದ್ರಾ?" ಎಂದ ಅವನು.

"ಮೂರು ದಿನ ತಿಕ್ಕಿದೀನಿ ಡಾಕ್ಟ್ರೇ. ಮರಳು, ಬೂದಿ, ಸೋಪು. ಕೊಳಕು ಸಾಮಾನನ್ನ ದೊಡ್ಡವರ ಕೈಗೆ ಕೊಡ್ತಾರಾ ಯಾರಾದ್ರೂ?" ಓದಿದವರನ್ನೆಲ್ಲ ನಾವು ಡಾಕ್ಟರೆಂದೇ ಕರೆಯುವುದು.

ನಮ್ಮಲ್ಲಿ ಹೆಂಗಸಿನ ಮಾನ ಗೋಡೆಗೆ ತೂಗುಹಾಕಿದ ಬಾಣಲೆಯಲ್ಲಿದೆ. ಮುಖ ಕಾಣುವಷ್ಟು ಹೊಳೆಯಬೇಕು. ಜುಲೈಡೆಯ ಬಾಣಲೆಗಳ ಮುಂದೆ ನಮ್ಮವೆಲ್ಲ ಬರೀ ಮಸಿ.

ಮರಳು ಕಂಪನಿಯ ಮೇಸ್ತ್ರಿ ವಾಂಡರ್ಲೆ ನಕ್ಕ. "ಎತ್ತಿನ ಹಲ್ಲು ಡಾಕ್ಟ್ರೇ. ಭಾನುವಾರದ ಅಡಿಗೇಲಿ ಸಿಕ್ಕಿರ್ಬೇಕು."

"ನಿಮ್ಮನೇಲಿ ಹಲ್ಲನ್ನೂ ಬಿಡದೆ ಬೇಯಿಸ್ತಾರೇನಪ್ಪಾ?" ಅಂದೆ ನಾನು.

ಎಲ್ಲರೂ ನಕ್ಕರು. ಎವಾಲ್ಡು ನಗಲಿಲ್ಲ. ಸೂಜಿಯೊಂದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಹಲ್ಲಿನ ಮುರಿದ ಅಂಚಿಗೆ ಒತ್ತಿದ. ಹೊಸ ಹಲ್ಲಾದರೆ ಕೂದಲು ಸುಟ್ಟ ನಾತ ಬರಬೇಕು. ನಾವೆಲ್ಲ ಉಸಿರೆಳೆದು ಮೂಸಿದೆವು. ಏನೂ ಬರಲಿಲ್ಲ.

"ಕಲ್ಲಾಗಿದೆ," ಎಂದು ಹಲ್ಲನ್ನು ತಿರುಗಿಸಿದ. "ಎತ್ತಿನ ದವಡೆ ಹಲ್ಲಿಗೆ ಬೇರು ಕವಲೊಡೆದಿರುತ್ತೆ. ಇದಕ್ಕೆ ಕವಲೇ ಇಲ್ಲ, ಬಿಲ್ಲಿನ ಹಾಗೆ ಬಾಗಿದೆ. ಘೇಂಡಾಮೃಗದಂಥ ದೊಡ್ಡ ಪ್ರಾಣಿ, ಟಾಕ್ಸೊಡಾನ್ ಕುಲದ್ದು. ಆ ಕುಲವೇ ಈಗಿಲ್ಲ."

ನಾವು ಕೇಕೆ ಹಾಕುವಷ್ಟರಲ್ಲಿ ವಾಂಡರ್ಲೆ ಮುಂದೆ ಬಂದ. "ಇರ್ಲಿ. ಇಲ್ಲಿಂದೇ ಬಂತು ಅನ್ನೋಕೆ ಸಾಕ್ಷಿ ಏನು? ಒಂದು ಕಣ ಮಣ್ಣಿಲ್ಲ. ಎಲ್ಲಿಂದಲೋ ತಂದಿದಾರೆ. ಅಲ್ಲದೆ, ಇದೇನು ನೋಡಿ?"

ಹಲ್ಲಿನ ಬುಡದಲ್ಲಿ ಬೆಳ್ಳಗೆ ರಬ್ಬರ್ ಹಾಲು ಹೆಪ್ಪುಗಟ್ಟಿತ್ತು.

"ಅಂಟಿಸಿದಾರೆ! ನಕಲಿ!"

ಎವಾಲ್ಡು ಪೆನ್ನಿನ ಮುಚ್ಚಳ ಹಾಕಿದ. ದೋಣಿಯ ಮೇಲೆ ಸರಪಳಿ ಗಳಗಳನೆ ಇಳಿಯತೊಡಗಿತು.

"ಏನೇ ಅದು ಜುಲೈಡೆ?" ಎಂದೆ ನಾನು.

ಅವಳು ನೆಲ ನೋಡಿದಳು.

"ಬಾಯಿ ಬಿಡೇ ಮಾರಾಯ್ತಿ, ಮನೆ ಹೋಗ್ತಿದೆ!"

ಅವಳು ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿದಳು. ಮೂವತ್ತು ವರ್ಷ ಅವಳ ಬಾಣಲೆ ಕಂಡು ಹೊಟ್ಟೆ ಉರಿದುಕೊಂಡವರೇ ನಾವೆಲ್ಲ.

"ಒಳಗೆ ಟೊಳ್ಳು," ಅಂದಳು. "ಕೈ ಹೋಗ್ಲಿಲ್ಲ. ಕಡ್ಡಿ ಹಾಕ್ದೆ, ಮೊಳೆ ಹಾಕ್ದೆ, ಕೊಳೆ ಅಲ್ಲಾಡ್ಲಿಲ್ಲ. ಯಾರಿಗೂ ಕಾಣ್ಬಾರ್ದು ಅಂತ ಹಾಲು ಹಚ್ಚಿ ಮುಚ್ಚಿಬಿಟ್ಟೆ. ಕೊಳಕನ್ನ ಹಾಗೇ ಬಿಟ್ಟೆ ಕಣ್ರೇ. ಸಾಕಾ?"

ಎವಾಲ್ಡು ಚಾಕುವಿನಿಂದ ರಬ್ಬರ್ ಕಿತ್ತ. ಒಳಗೆ ಕಲ್ಲಿನಷ್ಟು ಗಟ್ಟಿಯಾದ ನೀಲಿ ಜೇಡಿಮಣ್ಣು. ಅದರಲ್ಲಿ ಸಾಸಿವೆಯಷ್ಟು ಚಿಕ್ಕ ಶಂಖಗಳು. ಅವನು ಮಾತಾಡದೆ ಜುಲೈಡೆ ತೋರಿಸಿದ ಜಾಗಕ್ಕೆ ಜಾರಿಕೊಂಡು ಇಳಿದ. ದಂಡೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಅದೇ ನೀಲಿ ಪದರ, ಅವೇ ಶಂಖಗಳು. ಎರಡನ್ನೂ ಭೂತಗನ್ನಡಿಯಡಿ ಹಿಡಿದು ನೋಡಿದ. ಮತ್ತೆ ನೋಡಿದ. ಆಮೇಲೆ ತೊಡೆಯ ಮೇಲೆ ಕಾಗದ ಹರಡಿ ಸಹಿ ಹಾಕಿದ.

"ಸತ್ತ ಮೃಗಕ್ಕೋಸ್ಕರ ಕೆಲಸ ನಿಲ್ಲಿಸ್ತೀರಾ?" ವಾಂಡರ್ಲೆ ಕಿರುಚಿದ.

"ಬದುಕಿರೋ ನಮಗೋಸ್ಕರ ನಿಲ್ಲಿಸ್ತಿದ್ರಾ?" ಎಂದು ಕೇಳಿದೆ.

ಎವಾಲ್ಡು ಕಾಗದವನ್ನು ಮೇಸ್ತ್ರಿಗೆ ತೋರಿಸಿದ. ಎಂಜಿನ್ ಕೆಮ್ಮಿ ನಿಂತಿತು.

ಜುಲೈಡೆ ಎವಾಲ್ಡುವಿನ ತೋಳು ಹಿಡಿದಳು. "ಡಾಕ್ಟ್ರೇ, ಕಾಗದದಲ್ಲಿ ನನ್ನ ಹೆಸರು ಬರುತ್ತಾ?"

"ಬರುತ್ತೆ. ಹುಡುಕಿದ್ದು ನೀವೇ ತಾನೆ?"

"ಹಾಗಾದ್ರೆ ಒಳಗೆ ಕೊಳಕಿತ್ತು ಅಂತ ಬರೀಬೇಡಿ."

"ಮುಖ್ಯವಾಗಿ ಬರೆದಿರೋದೇ ಅದನ್ನಮ್ಮಾ," ಎಂದ ಎವಾಲ್ಡು.