ತೊಳೆದ ಗಾಳಿ

ಹೊಗೆ ಕವಿದ ಒಂಬತ್ತನೆಯ ದಿನ ಹಾರ್ಲನ್ ನಮ್ಮ ಮನೆಗೊಂದು ಡಬ್ಬ ಹೊತ್ತು ತಂದ. ನಾಲ್ಕು ಫಿಲ್ಟರುಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಫ್ಯಾನು ಮಲಗಿಸಿ, ಸಂದಿಗೆಲ್ಲ ಟೇಪು ಸುತ್ತಿದ, ಹೊಗೆ ಸೋಸುವ ಡಬ್ಬ. ನಮ್ಮ ಬೀದಿಗೆ ಅವನು ಮಾಡಿಕೊಟ್ಟ ಹದಿನಾಲ್ಕನೆಯದು.

"ಕೇಳುಗರೇ," ಎಂದ ಮೂಗಿನಲ್ಲಿ, ರೇಡಿಯೋ ಹೆಂಗಸಿನ ಧ್ವನಿಯಲ್ಲಿ. "ಇಂದಿನ ಗಾಳಿ ಉಸಿರಾಡಲು ಯೋಗ್ಯವಲ್ಲ. ದಯವಿಟ್ಟು ಉಸಿರಾಟವನ್ನು ಸೋಮವಾರಕ್ಕೆ ಮುಂದೂಡಿ."

ನಕ್ಕೆ; ನಗು ಕೆಮ್ಮಾಯಿತು. ಹೊರಗೆ ನೂರಾ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಗುಡ್ಡದಾಚೆ ಫರ್ ಮರಗಳ ಕಾಡು ಉರಿಯುತ್ತಿತ್ತು. ಎದುರಿನ ಸೇಬಿನ ತೋಟವೇ ಕಾಣುತ್ತಿರಲಿಲ್ಲ.

"ನಿನ್ನ ಹೆಂಡತಿ ವರ್ನಾಗೂ ಒಂದು ಮಾಡಿದೆಯೇನಯ್ಯಾ?"

"ಇದು ನಿನ್ನಂಥ ಕೂಲರ್ ಇಲ್ಲದ ಬಡಪಾಯಿಗಳಿಗೆ, ರಾಯ್ಸ್. ನಮ್ಮ ಛಾವಣಿ ಮೇಲೆ ಕೂತಿಲ್ವಾ ಕೂಲರಪ್ಪ? ಒದ್ದೆ ಪ್ಯಾಡಿನಿಂದ ಬರೋದು ತೊಳೆದ ಗಾಳಿ ಕಣೋ."

ಒಕನಾಗನ್ ಕಣಿವೆಯ ಛಾವಣಿಗಳ ಮೇಲಿನ ಕೂಲರುಗಳನ್ನೆಲ್ಲ ಮೂವತ್ತು ವರ್ಷ ರಿಪೇರಿ ಮಾಡಿದವನು ಅವನು. ಕೂಲರಿನ ವಿಷಯದಲ್ಲಿ ಅವನ ಮಾತೇ ಕೊನೆ. ನಾವೇ ಹೊಗಳಿ ಅಟ್ಟಕ್ಕೇರಿಸಿದ್ದೆವು. ಅವನ ಮಾತು ನಂಬಿ, ಅವನದೂ ಸೇರಿ ಬೀದಿಯ ಐದು ಮನೆಗಳಲ್ಲಿ ಕೂಲರು ಹಗಲಿರುಳು ಓಡುತ್ತಿತ್ತು.

ಮರುದಿನ ಮಧ್ಯಾಹ್ನ ವರ್ನಾ ಫೋನ್ ಮಾಡಿದಳು. ಎರಡು ಚಳಿಗಾಲದ ಹಿಂದೆ ನ್ಯುಮೋನಿಯಾ ಆದಾಗಿನಿಂದ ಅವಳ ಶ್ವಾಸಕೋಶ ಅರ್ಧಂಬರ್ಧ.

"ರಾಯ್ಸ್... ಆ ಮೀಟರು... ತಗೊಂಡು ಬಾ."

ನನ್ನ ಮಗಳು ಕಳಿಸಿದ್ದ, ಗಾಳಿಯ ಹೊಗೆ ಅಳೆಯುವ ಅಂಗೈಯಗಲದ ಮೀಟರು. ಡಬ್ಬ ಬಂದ ಮೇಲೆ ನಮ್ಮ ಮನೆಯಲ್ಲಿ ಮೂವತ್ತೆಂಟು ತೋರಿಸುತ್ತಿತ್ತು. ದಾರಿಯಲ್ಲಿ ನಾನೂರ ಹತ್ತು.

ಹಾರ್ಲನ್ ಮನೆಯೊಳಗೆ ಎಷ್ಟು ತಂಪು! ಸೂರಿನ ಕಿಂಡಿಯಿಂದ ತೇವದ ಗಾಳಿ ಸುರಿಯುತ್ತಿತ್ತು. ಅದರಡಿಯ ಕುರ್ಚಿಯಲ್ಲಿ ವರ್ನಾ. ತುಟಿಯ ಬಣ್ಣ ಸರಿಯಿರಲಿಲ್ಲ. ಮೀಟರನ್ನು ಅವಳ ಪಕ್ಕ ಇಟ್ಟೆ.

ಮುನ್ನೂರ ತೊಂಬತ್ತು.

"ನಿನ್ನ ಆಟಿಕೆ ಕೆಟ್ಟಿದೆ," ಎಂದ ಹಾರ್ಲನ್. "ಆವಿ ನೋಡಿ ಬೆದರಿದೆ."

"ಹಾರ್ಲನ್, ಕೂಲರು ಗಾಳೀನ ಎಲ್ಲಿಂದ ಎಳೆಯುತ್ತೆ?" ಎಂದೆ.

ಹೊರಗಿನಿಂದ ಎಳೆಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಈ ಕಣಿವೆಯಲ್ಲಿ ಇರಲಿಲ್ಲ. ಧೂಳಿಗೆ ಸಾಕಾದ ಪ್ಯಾಡು ಹೊಗೆಗೂ ಸಾಕು ಎಂದುಕೊಂಡಿದ್ದ.

"ಮೀಟರು ಸರಿಯಾಗಿದೆ," ಎಂದಳು ವರ್ನಾ. "ಮೂರು ದಿನದಿಂದ... ಮೂಗು ಒರೆಸಿದ್ರೆ... ಕರವಸ್ತ್ರ ಕಪ್ಪು."

"ಮೂರು ದಿನ! ಬಾಯಲ್ಲೇನು ಕಡುಬು ಇಟ್ಕೊಂಡಿದ್ದೆಯೇನೇ?"

"ಹೇಳಿದ್ರೆ ಕೂಲರ್ ಆರಿಸ್ತೀಯ. ಈ ಸೆಕೇಲಿ... ಇರೋಕಾಗಲ್ಲ. ನನ್ನ ತಂಗಿ ಮನೇಗೆ... ಸಮುದ್ರದ ಕಡೆ ಕಳಿಸ್ತೀಯ. ನೀನು ನೀರಿನ ಪೈಪು ಹಿಡ್ಕೊಂಡು... ಛಾವಣಿ ಕಾಯೋಕೆ ಉಳೀತೀಯ."

ಅದು ನಿಜ. ಹೋದ ಸಲದ ಬೆಂಕಿಯಲ್ಲಿ, ಉಳಿದು ಕಿಡಿ ಆರಿಸಿದವರ ಮನೆಗಳು ಉಳಿದವು. ಉಳಿದವರಲ್ಲಿ ಇಬ್ಬರು ಉಳಿಯಲಿಲ್ಲ. ಪೊಲೀಸರು ರಸ್ತೆಗೆ ಅಡ್ಡ ಹಾಕಿದ ಮೇಲೆ ಹೊರಟವರು ಮರಳುವಂತಿಲ್ಲ. ಇಂದು ನಾಳೆ ಹಾಕುತ್ತಾರೆಂಬ ಸುದ್ದಿ.

ಹಾರ್ಲನ್ ಕಿಂಡಿಯನ್ನೇ ನೋಡುತ್ತ ನಿಂತ. ಆಮೇಲೆ ಹೋಗಿ ಕೂಲರಿನ ಗುಂಡಿ ತಿರುಗಿಸಿದ. ಗಾಳಿ ನಿಂತಿತು. ಅವಳ ಎದೆಯ ಸೀಟಿ ಕೋಣೆಯಲ್ಲೆಲ್ಲ ಕೇಳಿಸತೊಡಗಿತು.

"ಎರಡು ಚೀಲ ತುಂಬ್ತೀನಿ," ಎಂದ. "ನಿಂದೊಂದು, ನಂದೊಂದು."

"ಮನೆ?"

"ಮನೆ ಹಾಳಾಗಿಹೋಗ್ಲಿ ಬಿಡೇ."

ಹತ್ತು ನಿಮಿಷದಲ್ಲಿ ಟ್ರಕ್ಕು ಚಾಲೂ ಆಯಿತು. ನಾವಿಬ್ಬರೂ ಹಿಡಿದು ಅವಳನ್ನು ಕೂರಿಸಿದೆವು. ಅಷ್ಟರಲ್ಲಿ ಹಾರ್ಲನ್ ಪಕ್ಕದ ಓಪಲ್ ಮನೆಯತ್ತ ಓಡತೊಡಗಿದ. ತೋಳು ಹಿಡಿದು ನಿಲ್ಲಿಸಿದೆ.

"ಉಳಿದ ನಾಲ್ಕು ಮನೆಗೆ ಹೇಳ್ಬೇಕು ಕಣೋ! ನಾನೇ ಹಾಕಿಸಿದ್ದು!"

"ಅವಳ ಮುಖ ನೋಡು ಮಾರಾಯ. ಹೊರಡು. ನಾನು ಹೇಳ್ತೀನಿ."

ಅವನು ಟ್ರಕ್ಕಿನ ಕಡೆ ನೋಡಿದ, ಓಪಲ್ ಛಾವಣಿಯ ಕಡೆ ನೋಡಿದ. "ಕೂಲರ್ ಕೆಟ್ಟಿದೆ ಅಂತ ಹೇಳ್ಬೇಡ. ಹಾರ್ಲನ್ ತಪ್ಪು ಹೇಳಿದ ಅನ್ನು. ನನ್ನ ಹೆಸರು ಹಿಡಿದೇ ಹೇಳು. ಇಲ್ದಿದ್ರೆ ನಾಳೆ ಮತ್ತೆ ಹಾಕ್ಕೋತಾರೆ."

ಅವನು ಹೊರಟ; ಮೂರು ಮನೆ ದಾಟುವಷ್ಟರಲ್ಲಿ ಟ್ರಕ್ಕು ಹೊಗೆಯಲ್ಲಿ ಕಾಣದಾಯಿತು. ಸದ್ದು ತುಸು ಹೊತ್ತು ಉಳಿಯಿತು.

ಓಪಲ್ ಬಾಗಿಲು ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ತೊಟ್ಟಿಲಲ್ಲಿ ಅವಳ ಮೊಮ್ಮಗು ಮಲಗಿತ್ತು.

"ಹಾರ್ಲನ್ ನಮಗೆಲ್ಲ ತಪ್ಪು ಹೇಳಿದ, ಓಪಲ್. ಅವನೇ ಹೇಳಿ ಕಳಿಸಿದ್ದಾನೆ. ಕೂಲರ್ ಆರಿಸು."

"ಹಾರ್ಲನ್ನಾ?" ಎಂದಳು. "ಅವನಾ?"

"ಅವನೇ."

ಅವಳು ತೊಟ್ಟಿಲ ಕಡೆ ನೋಡಿದಳು, ಆಮೇಲೆ ಗುಂಡಿಯತ್ತ ಕೈ ಚಾಚಿದಳು. ನಾನು ನನ್ನ ಡಬ್ಬ ತರಲು ಮನೆಗೆ ಓಡಿದೆ.